ಸಂಗವ್ವನ ಕಡಲಿನ ಒಡಪು

ನಿವೃತ್ತನಾಗಿ ಎರಡು ವರ್ಷ ಕಳೆದಿದ್ದರೂ ಮುರಗೆಪ್ಪನಿಗೆ ನಸುಕಿನ ನಾಲ್ಕೂವರೆಗೇ ಎಚ್ಚರವಾಗುತ್ತಿತ್ತು. ಎದ್ದು ಮುಖ ತೊಳೆದು, ಹಣೆಗೆ ಭಂಡಾರ ಹಚ್ಚಿಕೊಂಡು ಮನೆಯ ಮುಂದಿನ ಕಟ್ಟೆಯ ಮೇಲೆ ಕೂರುತ್ತಿದ್ದ. ಐದೂಕಾಲಿಗೆ ಮಹಾರಾಷ್ಟ್ರದ ಗಡಿಯ ಜತ್ತ ಡೆಪೋದ ಮೊದಲ ಸರ್ಕಾರಿ ಎಸ್.ಟಿ. ಬಸ್ಸು ಅದೇ ರಸ್ತೆ ಹಿಡಿದು ಶೇಗಾಂವದ ಕಡೆ ಹೋಗುತ್ತಿತ್ತು. ಕಾಣುವ ಮೊದಲೇ ಅದು ಕೇಳುತ್ತಿತ್ತು. ತಿರುವಿನಲ್ಲಿ ಡ್ರೈವರ್ ಗೇರು ಬದಲಿಸುವಾಗ ಮುರಗೆಪ್ಪನ ಎಡಗಾಲು ತನ್ನಷ್ಟಕ್ಕೆ ತಾನೇ ನೆಲವನ್ನು ಒತ್ತುತ್ತಿತ್ತು. ಮೂವತ್ತೊಂದು ವರ್ಷ ಕ್ಲಚ್ ತುಳಿದ ಕಾಲು ಅದು. ನಿವೃತ್ತಿಯ ಕಾಗದ ಇನ್ನೂ ಅಲ್ಲಿಯವರೆಗೆ ತಲುಪಿರಲಿಲ್ಲ.

ಬಸ್ಸು ಹೋದ ಮೇಲೆ ಉಳಿಯುವ ಮೌನ ಅವನಿಗೆ ಇಷ್ಟವಾಗುತ್ತಿತ್ತು. ಬೆಳಕು ಹರಿದ ಮೇಲೆ ಹಾಡಿನ ಡಬ್ಬಿ ಹಚ್ಚುತ್ತಿದ್ದ. ಮಗಳು ರೂಪಾಲಿ ಕೊಡಿಸಿದ ಡಬ್ಬಿ. ಹಿಂದಿ, ಮರಾಠಿ, ಕನ್ನಡದ ಸಾವಿರಾರು ಹಳೆಯ ಹಾಡುಗಳು ಅದರೊಳಗಿದ್ದವು. ಅವುಗಳಲ್ಲಿ ಹೆಚ್ಚಿನವು ಅವನಿಗೆ ಗೊತ್ತಿದ್ದವೇ, ಆದರೆ ಮೊದಲ ನಾಲ್ಕು ಸಾಲು ಮಾತ್ರ. ಘಾಟಿನ ಬೆಟ್ಟದ ರಸ್ತೆಯಲ್ಲಿ ನಿದ್ದೆ ಬಾರದಿರಲೆಂದು ಹಾಡಿಕೊಳ್ಳುತ್ತಿದ್ದವನಿಗೆ ಚರಣ ಬರುವ ಹೊತ್ತಿಗೆ ತಿರುವು ಬರುತ್ತಿತ್ತು, ಬಾಯಿ ಮುಚ್ಚುತ್ತಿತ್ತು. ತಿರುವು ದಾಟಿದ ಮೇಲೆ ಮತ್ತೆ ಮೊದಲಿನಿಂದ. ಹೀಗಾಗಿ ಅರವತ್ತನೆಯ ವಯಸ್ಸಿನಲ್ಲಿ ಅವನು ತನಗೆ ಇಷ್ಟವಾದ ಹಾಡುಗಳ ಉಳಿದ ಅರ್ಧವನ್ನು ಕೇಳುತ್ತಿದ್ದ.

"ಮತ್ತ ಅದಽ ಹಾಡೇನ್ರಿ?" ಎಂದು ಹೆಂಡತಿ ಸಂಗವ್ವ ಒಳಗಿನಿಂದ ಕೇಳುತ್ತಿದ್ದಳು.

"ಮುಂದಿಂದು ಬ್ಯಾರೆ ಅದ. ಕೇಳು."

"ರೊಟ್ಟಿ ಬಡಿಯು ಸಪ್ಪಳದಾಗ ನನಗೇನ ಕೇಳ್ತದ. ಹಚ್ಚರಿ, ಇರ್ಲಿ."

ಹತ್ತು ಗಂಟೆಗೆ ಅವನು ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದ. ಅಲ್ಲಿ ಕ್ಯಾಂಟೀನಿನ ಹೊರಗಿನ ಬೆಂಚಿನ ಮೇಲೆ ಸುಭಾನ ಕೂತಿರುತ್ತಿದ್ದ. ಡಫಳಾಪುರದ ಸುಭಾನ ಅದೇ ಡೆಪೋದಲ್ಲಿ ಕಂಡಕ್ಟರನಾಗಿದ್ದವನು, ಮುರಗೆಪ್ಪನಿಗಿಂತ ಆರು ತಿಂಗಳ ಮೊದಲು ನಿವೃತ್ತನಾದವನು. ಇಬ್ಬರೂ ಒಂದೊಂದು ಚಹಾ ಕುಡಿದು, ಬರುವ ಬಸ್ಸುಗಳಿಗೆ ಬೆನ್ನು ಮಾಡಿ ಕೂತು, ಸದ್ದಿನ ಮೇಲೆ ಯಾವ ಊರಿನ ಗಾಡಿ ಎಂದು ಹೇಳುವ ಆಟವಾಡುತ್ತಿದ್ದರು. ಮಾತು ಸುಭಾನನದು. ಮುರಗೆಪ್ಪ ಕೇಳುವವನು. ಗಾಡಿಯಲ್ಲೂ ಅದೇ ಕ್ರಮವಿತ್ತು.

ನವೆಂಬರದ ಒಂದು ಬೆಳಿಗ್ಗೆ ಆ ಬೆಂಚಿಗೆ ಸೋಮಲಿಂಗ ಬಂದ. ಹಿಂದೆ ಡೆಪೋದಲ್ಲಿ ಗಾಡಿಗಳ ಹೊತ್ತು ಬರೆದುಕೊಳ್ಳುತ್ತಿದ್ದವನು, ಈಗ ನಿವೃತ್ತ ನೌಕರರ ಸಂಘದ ಕಾರ್ಯದರ್ಶಿ. ಡಿಸೆಂಬರದಲ್ಲಿ ಒಂದು ಎಸ್.ಟಿ. ಕರಾರು ಮಾಡಿಕೊಂಡು ಗಣಪತಿಪುಳೆಯ ಕಡಲಿಗೆ ಎರಡು ದಿನ ಸಹಲು, ಅಂದರೆ ಪ್ರವಾಸ, ಹೋಗುವುದೆಂದು ಸಂಘ ಗೊತ್ತುಮಾಡಿತ್ತು.

"ಜೋಡಿಲೇ ಬರಬೇಕು. ಒಬ್ಬೊಬ್ಬರಿಗೆ ಸೀಟ ಇಲ್ಲ," ಎಂದ ಸೋಮಲಿಂಗ. "ಮುರಗೆಪ್ಪಗ ಏನ ಹೇಳೂದು. ಕಡಲ ಅಂವಗ ಹಿತ್ತಲಿದ್ದಂಗ."

ಮುರಗೆಪ್ಪ ಚಹದ ಲೋಟದೊಳಗೆ ನೋಡಿದ. ಹೆಸರು ಬರೆಸದೆ ಬರಬೇಕೆಂದುಕೊಂಡ. ಆದರೆ ಸುಭಾನ ಆಗಲೇ ಎರಡೂ ಮನೆಯ ನಾಲ್ಕು ಹೆಸರು ಹೇಳಿಬಿಟ್ಟಿದ್ದ.

*

ಕಡಲಿನ ಕಡೆ ಅವನು ಹೋದದ್ದು ಸುಳ್ಳಲ್ಲ. ಚಳಿಗಾಲ ಬಂತೆಂದರೆ ತಾಲೂಕಿನ ಶಾಲೆಗಳ ಸಹಲು ಹೊರಡುತ್ತಿದ್ದವು. ಕೊಂಕಣದ ಘಾಟು ಇಳಿಯಲು ಕೈ ಪಳಗಿದ ಡ್ರೈವರ್ ಬೇಕೆಂದು ಹೆಡ್‌ಮಾಸ್ತರರೇ ಅವನನ್ನು ಕೇಳಿ ಪಡೆಯುತ್ತಿದ್ದರು. ವರ್ಷಕ್ಕೆ ಒಂದಾದರೂ ಸಹಲು, ಇಪ್ಪತ್ತು ವರ್ಷ. ಸಂಜೆ ಜತ್ತ ಬಿಟ್ಟು ರಾತ್ರಿಯೆಲ್ಲ ಓಡಿಸಿದರೆ ಬೆಳಿಗ್ಗೆ ಕಡಲು. ಮಕ್ಕಳು ಕೂಗುತ್ತ ನೀರಿಗೆ ಓಡುತ್ತಿದ್ದರು. ಸಂಜೆ ಅದೇ ಮಕ್ಕಳನ್ನು ತುಂಬಿಕೊಂಡು ಮತ್ತೆ ರಾತ್ರಿ ಘಾಟು ಹತ್ತಬೇಕು. ನಡುವಿನ ಹಗಲು ಡ್ರೈವರನ ನಿದ್ದೆಗೆಂದು ಇದ್ದದ್ದು. ಮುರಗೆಪ್ಪ ಚಪ್ಪಲಿಯನ್ನು ಮುಂದಿನ ಗಾಲಿಯ ಹತ್ತಿರ ಬಿಟ್ಟು, ಗಾಡಿಯ ಬುಡದಲ್ಲಿ ಕಂಬಳಿ ಹಾಸಿ ಮಲಗುತ್ತಿದ್ದ. ಸುಭಾನ ಜೊತೆಗಿದ್ದ ವರ್ಷ ಅವನು ಒಳಗೆ ಉದ್ದನೆಯ ಸೀಟಿನ ಮೇಲೆ ಮಲಗಿ ಮಕ್ಕಳ ಚೀಲ ಕಾಯುತ್ತಿದ್ದ. ಕಡಲು ಇನ್ನೂರು ಹೆಜ್ಜೆ ದೂರದಲ್ಲಿ, ಗಾಳಿಮರಗಳ ಆಚೆ ಇರುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಆ ಇನ್ನೂರು ಹೆಜ್ಜೆಯನ್ನು ಅವನು ಒಮ್ಮೆಯೂ ನಡೆಯಲಿಲ್ಲ.

ಮೊದಲ ವರ್ಷ ಮನೆಗೆ ಬಂದಾಗ ಸಂಗವ್ವ ಹೊಸ್ತಿಲಲ್ಲಿ ಕಾಯುತ್ತ ನಿಂತಿದ್ದಳು. ರೂಪಾಲಿ ಆಗ ಮೂರು ವರ್ಷದ ಕೂಸು, ಅವಳ ಟೊಂಕದ ಮೇಲೆ. ಕೈಗೆ ನೀರು ಕೊಡುವ ಮೊದಲೇ ಕೇಳಿದಳು: "ಕಡಲ ಹ್ಯಾಂಗ ಇತ್ರಿ?"

ಕುರಿಯವರ ಮಗಳು ಅವಳು. ಹಿಂಡಿನ ಹಿಂದೆ ಬೋರ್ ನದಿ, ಭೀಮಾ, ಕೃಷ್ಣೆಯ ದಂಡೆಯವರೆಗೆ ನಡೆದವಳು. ಅದಕ್ಕಿಂತ ದೊಡ್ಡ ನೀರನ್ನು ಕಂಡಿರಲಿಲ್ಲ. ಆ ಮುಖ ನೋಡಿ ಮುರಗೆಪ್ಪನಿಗೆ ಮಲಗಿದ್ದೆ ಎಂದು ಹೇಳಲಾಗಲಿಲ್ಲ. ಜೇಬಿನಲ್ಲಿ ಗೇಟಿನ ಬಳಿಯ ಅಂಗಡಿಯಲ್ಲಿ ಕೂಸಿಗೆಂದು ಕೊಂಡ ನಾಲ್ಕು ಚಿಪ್ಪು ಇದ್ದವು. ತೆಗೆದು ಕೊಟ್ಟ. "ಮೊಳಕಾಲ ಮಟಾ ನೀರಾಗ ನಿಂತು ಆರಿಸಿದೆ," ಎಂದ. ನೀರು ಯಾವ ಬಣ್ಣವೆಂದು ಅವಳು ಕೇಳಿದಳು. ಹಾಡುಗಳಲ್ಲಿ ಕಡಲು ನೀಲಿಯಾಗಿರುತ್ತಿತ್ತು. ನೀಲಿ ಎಂದ. ತೆರೆಗಳು ಏನು ಮಾಡುತ್ತವೆ ಎಂದು ಕೇಳಿದಳು. ಅದಕ್ಕೂ ಒಂದು ಹಾಡಿತ್ತು.

ಮುಂದಿನ ವರ್ಷ ಇನ್ನಷ್ಟು ಚಿಪ್ಪು, ಇನ್ನೊಂದು ಹಾಡಿನ ಕಡಲು. ಹೀಗೆ ಬೆಳೆಯಿತು.

ಅಷ್ಟೇ ಆಗಿದ್ದರೆ ಅದೊಂದು ಮನೆಯೊಳಗಿನ ಸಣ್ಣ ಸುಳ್ಳಾಗಿ ಉಳಿಯುತ್ತಿತ್ತು. ಆದರೆ ಸಂಗವ್ವ ಅದನ್ನು ಒಡಪು ಮಾಡಿದಳು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹಿಡಿಯುವುದಿಲ್ಲ. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ, ತೊಟ್ಟಿಲಿನ ದಿನ ಹೆಂಗಸರು ಸುತ್ತ ಕೂತು ಹಟ ಹಿಡಿದಾಗ ಮಾತ್ರ, ಪ್ರಾಸ ಹೊಂದುವ ಎರಡು ಸಾಲು ಕಟ್ಟಿ, ಕೊನೆಯಲ್ಲಿ ಆ ಹೆಸರನ್ನು ಇಡುತ್ತಾಳೆ. ಹೆಚ್ಚಿನವರು ತಾಯಿಯಿಂದ ಬಂದ ಒಡಪನ್ನೇ ಹೇಳುತ್ತಾರೆ. ಸಂಗವ್ವನದು ಮಾತ್ರ ಅವಳದೇ ಆಗಿತ್ತು.

ಮೊಳಕಾಲ ನೀರಾಗ ನಿಂತು ಆರಿಸ್ಯಾರ ಮುತ್ತಿನ ಚಿಪ್ಪ,
ನೀಲಿ ಕಡಲ ಉಡಿಯಾಗ ತುಂಬಿ ತಂದಾರ ನಮ್ಮ ಮುರಗೆಪ್ಪ.

ಆ ಒಡಪು ಓಣಿಯಲ್ಲಿ ಹೆಸರಾಯಿತು. ಬೇರೆ ಊರಿನ ಬೀಗರು ಬಂದರೂ "ಆ ಕಡಲಿಂದು ಹೇಳ ಸಂಗವ್ವ" ಎನ್ನುತ್ತಿದ್ದರು. ಗಂಡಸರು ಆ ಕೂಟದಲ್ಲಿ ಕೂರುವುದಿಲ್ಲ. ಮುರಗೆಪ್ಪ ಅದನ್ನು ಕೇಳಿದ್ದೆಲ್ಲ ಹೊರಗಿನ ಚಪ್ಪರದಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತು. ಕೊನೆಯ ಸಲ ಕೇಳಿದ್ದು ಐದು ವರ್ಷದ ಹಿಂದೆ, ರೂಪಾಲಿಯ ಮಗಳ ತೊಟ್ಟಿಲಿನ ದಿನ. ಅವಳ ಬಾಯಲ್ಲಿ ತನ್ನ ಹೆಸರು ಬರುವುದನ್ನು ಅವನು ಆ ಒಡಪು ಹುಟ್ಟಿದಾಗಿನಿಂದ ಹನ್ನೆರಡೋ ಹದಿಮೂರೋ ಸಲ ಕೇಳಿರಬಹುದು. ಪ್ರತಿ ಸಲವೂ ಅದು ಆ ಸುಳ್ಳಿನ ಬೆನ್ನೇರಿಯೇ ಬಂದಿತ್ತು. ಸುಳ್ಳು ಬಿದ್ದರೆ ಹೆಸರೂ ಬೀಳುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕೇ ಪ್ರತಿ ವರ್ಷ ಅವಳು "ನನ್ನೂ ಒಮ್ಮಿ ಕರಕೊಂಡ ಹೋಗ್ರಿ" ಎಂದಾಗ "ರಿಟಾಯರ ಆದ ಮ್ಯಾಲ" ಎಂದು ಮುಂದೂಡುತ್ತ ಬಂದಿದ್ದ. ಈಗ ಆ ನೆಪವೂ ಮುಗಿದಿತ್ತು.

*

ಹೊರಡಲು ನಾಲ್ಕು ದಿನ ಇರುವಾಗ ಸುಭಾನ ಮತ್ತು ಅವನ ಹೆಂಡತಿ ಸಾಬೇರಾ ಸಂಜೆ ಮನೆಗೆ ಬಂದರು. ಯಾರು ಖಡಕ ರೊಟ್ಟಿ ಮಾಡುವುದು, ಯಾರು ಶೇಂಗಾ ಚಟ್ನಿ ಕುಟ್ಟುವುದು ಎಂಬ ಮಾತಿಗೆ. ಹೆಂಗಸರು ಅದನ್ನು ಐದು ನಿಮಿಷದಲ್ಲಿ ಮುಗಿಸಿದರು. ಆಮೇಲೆ ಸಂಗವ್ವ ಒಳಗಿನಿಂದ ಸ್ಟೀಲಿನ ಡಬ್ಬಿ ತಂದು ಸಾಬೇರಾಳ ಮುಂದೆ ಚಿಪ್ಪುಗಳನ್ನು ಹರವಿದಳು. ಇಪ್ಪತ್ತು ವರ್ಷದ ಚಿಪ್ಪುಗಳು. ಬೂದು, ಕಂದು, ಒಂದೆರಡು ಗುಲಾಬಿ.

"ಅಬ್ಬಾ, ಇಷ್ಟ ಅವ ಏನಕ್ಕ?" ಎಂದಳು ಸಾಬೇರಾ.

ಸುಭಾನ ಬಗ್ಗಿ ಒಂದನ್ನು ಎತ್ತಿಕೊಂಡ. "ಇವು ಗೇಟಿನ ಹತ್ರ ಆ ಮುದಕಿ ಅಂಗಡ್ಯಾಗಿನವಲ್ಲ? ನಾನೂ ತಂದಿದ್ದೆ, ನಮ್ಮ ಮನ್ಯಾಗ ಯಾರೂ ಇಟ್ಟಿಲ್ಲ."

"ಇಲ್ಲಣ್ಣಾ," ಎಂದಳು ಸಂಗವ್ವ. "ಇವು ಇವರು ನೀರಾಗ ಇಳದು ಆರಿಸಿದ್ದು."

ಮುರಗೆಪ್ಪ ಸುಭಾನನ ಕಡೆ ನೋಡಿದ. ಆದರೆ ಸುಭಾನ ಚಿಪ್ಪನ್ನು ನೋಡುತ್ತಿದ್ದ.

"ಇಂವ? ನೀರಾಗ?" ಅವನು ನಕ್ಕ. "ವೈನಿ, ಇಂವ ಕಡಲ ಕಡೆ ಮಾರಿ ಮಾಡಿ ಸುದ್ದಾ ಮಲಗಿಲ್ಲ. ಗಾಡಿ ಬುಡಕ ಸೇರಿದನಂದ್ರ ಸಂಜಿ ತನಕ ಹೆಣಾ. ಮಕ್ಕಳು ಬಂದು ಕಾಲ ಜಗ್ಗಿ ಎಬ್ಬಸ್ತಿದ್ವು. ನಾನರ ಒಮ್ಮಿ ಹೋಗಿ ನೋಡಿ ಬಂದೆ, ಇಂವ..."

ಸಾಬೇರಾ ಅವನ ಮೊಣಕೈ ಹಿಡಿದಳು. ಅವಳು ತೊಟ್ಟಿಲಿನ ದಿನ ಆ ಒಡಪನ್ನು ಕೇಳಿದವಳು. ಸುಭಾನ ಮಾತು ನಿಲ್ಲಿಸಿದ. ಏನು ತಪ್ಪಾಯಿತೆಂದು ತಿಳಿಯದಿದ್ದರೂ ಏನೋ ಆಯಿತೆಂದು ಅವನಿಗೆ ತಿಳಿಯಿತು.

ಸಂಗವ್ವ ಚಿಪ್ಪುಗಳನ್ನು ಒಂದೊಂದಾಗಿ ಎತ್ತಿ ಡಬ್ಬಿಗೆ ಹಾಕಿದಳು. ಒಂದೊಂದೂ ಟಣ್ ಎಂದಿತು. ಮುಚ್ಚಳ ಒತ್ತಿ, "ಚಾ ಇಡ್ತೀನಿ," ಎಂದು ಒಳಗೆ ಹೋದಳು.

"ನಿಮ್ಮ ಬಾಯಿಗಿ ಬ್ರೇಕ್ ಇಲ್ಲೇನ್ರಿ?" ಎಂದು ಸಾಬೇರಾ ಪಿಸುಗುಟ್ಟಿದಳು.

"ಬ್ರೇಕ್ ಡ್ರೈವರನ ಕಡೆ ಇರ್ತದ. ನನ್ನ ಕಡೆ ಬರೇ ಬೆಲ್," ಎಂದ ಸುಭಾನ. ಯಾರೂ ನಗಲಿಲ್ಲ. ಚಹಾ ಬಂತು, ಕುಡಿದರು, ಹೋದರು.

*

ಸಂಗವ್ವ ಜಗಳವಾಡುವ ಹೆಂಗಸಲ್ಲ. ಮರುದಿನವೂ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದಳು. ಬಿಸಿನೀರು ಕಾಯಿಸಿದಳು. ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಮುರಗೆಪ್ಪನಿಗೆ ಮೌನ ಹೊಸದಲ್ಲ. ಅವರಿಬ್ಬರ ನಡುವೆ ಮೊದಲಿನಿಂದಲೂ ಮಾತಿಗಿಂತ ಮೌನವೇ ಹೆಚ್ಚು. ಆದರೆ ಅದು ಇಬ್ಬರೂ ಕೂತು ಬಳಸುವ ಕಟ್ಟೆಯಂತಿತ್ತು. ಇದು ಹಾಗಲ್ಲ. ಇದರಲ್ಲಿ ಅವಳೊಬ್ಬಳೇ ಇದ್ದಳು.

ಅವನು ಹಾಡಿನ ಡಬ್ಬಿ ಹಚ್ಚಲಿಲ್ಲ. ಎರಡನೆಯ ದಿನ ಅವಳೇ ಕೇಳಿದಳು.

"ಯಾಕ ಬಂದ ಮಾಡೀರಿ? ಹಚ್ಚರಿ."

"ಮನಸಿಲ್ಲ."

ಅವಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. "ಆ ನೀಲಿ ಕಡಲ ಈ ಹಾಡಿನಾಗಿಂದ ಅಲ್ಲ?"

ಅವನು ಹೌದೆಂದು ತಲೆಯಾಡಿಸಿದ.

"ತೆರಿ ಬಂದು ಕಾಲ ತೊಳೀತದ ಅಂದಿದ್ರಿ. ಅದು?"

"ಅದೂ."

"ಕಂಬಳ್ಯಾಗ ಎಂದೂ ಉಸುಕ ಇರ್ಲಿಲ್ಲ," ಎಂದಳು. ಅವನಿಗಲ್ಲ, ತನಗೇ ಹೇಳಿಕೊಂಡಂತೆ. "ಪ್ರತಿ ಸಲ ಒಗದಾಗ ಬರೇ ಎಣ್ಣಿ ಕಲಿ. ಒಗದಾಕಿ ನಾನ. ನಾ ತಿಳಕೋಬೇಕಿತ್ತು." ಕೈಯ ಹಿಟ್ಟು ಒರೆಸಿಕೊಂಡು, "ಎಷ್ಟ ಮಂದಿ ಮುಂದ ಹೇಳೀನಿ ನಾ ಅದನ್ನ," ಎಂದು ಒಳಗೆ ಹೋದಳು.

ಸಹಲಿಗೆ ಬರುವುದಿಲ್ಲ ಎನ್ನಬಹುದೆಂದು ಅವನು ಕಾದ. ಅವಳು ಹಾಗೆನ್ನಲಿಲ್ಲ. ಹೊರಡುವ ಹಿಂದಿನ ದಿನ ಚೀಲ ಕಟ್ಟುವಾಗ ಅವನು ಸಹಲಿಗೆ ಒಯ್ಯುತ್ತಿದ್ದ ಹಳೆಯ ಕಂಬಳಿಯನ್ನು ಮಡಿಚಿ ಎಲ್ಲಕ್ಕಿಂತ ಕೆಳಗೆ ಇಟ್ಟಳು. ಅವಳ ಅಪ್ಪನ ಹಿಂಡಿನ ಬೂದು ಉಣ್ಣೆಯದು, ಮದುವೆಯಲ್ಲಿ ಬಂದದ್ದು. ಅದು ಯಾಕೆಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.

*

ಬಸ್ಸು ಬೆಳಿಗ್ಗೆ ಐದಕ್ಕೆ ಹೊರಟಿತು. ಮೂವತ್ತೆಂಟು ಮಂದಿ. ಹೆಂಗಸರು ಮುಂದೆ, ಗಂಡಸರು ಹಿಂದೆ, ಯಾರೂ ಹೇಳದೆಯೇ ಹಾಗೆ ಕೂತಿದ್ದರು. ನಿವೃತ್ತ ಡ್ರೈವರರೇ ಏಳು ಮಂದಿ ಇದ್ದುದರಿಂದ ಸ್ಟೇರಿಂಗ್ ಹಿಡಿದವನ ಪಾಡು ಕಷ್ಟವಾಗಿತ್ತು. ಪ್ರತಿ ಉಬ್ಬಿಗೂ ಹಿಂದಿನಿಂದ ಒಂದು ಸಲಹೆ ಹೋಗುತ್ತಿತ್ತು.

"ಏ ತಮ್ಮಾ, ಗಾಡಿ ಸರ್ಕಾರದ್ದ ಇರಬಹುದು, ಟೊಂಕ ನಮ್ಮವು," ಎಂದ ಸುಭಾನ.

ಸಾಂಗಲಿ ದಾಟಿ ನಾಷ್ಟಾ ಆಯಿತು. ಕೊಲ್ಹಾಪುರ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಹಸಿರಾಯಿತು. ಅಂಬಾ ಘಾಟಿನ ಮೊದಲ ತಿರುವು ಬರುವಷ್ಟರಲ್ಲಿ ಹೆಂಗಸರ ಕಡೆ ಒಡಪು ಶುರುವಾಯಿತು. ಮುಂದಿನ ಸೀಟಿನಿಂದ ಒಬ್ಬೊಬ್ಬರದಾಗಿ. ಗಂಡಸರು ಕಿಟಕಿಯ ಹೊರಗೆ ನೋಡುತ್ತ, ಕೇಳಿಸುತ್ತಿಲ್ಲವೆಂಬಂತೆ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಸಾಬೇರಾಳ ಸರದಿ ಬಂದಾಗ ಅವಳು ಎದ್ದು ನಿಂತೇ ಹೇಳಿದಳು.

ಟಿಕೇಟ ತಗೀರಿ ಅಂತ ನಿದ್ದ್ಯಾಗ ಹೇಳ್ತಾರ ಪುರಾಣ,
ಮದವಿ ಮನ್ಯಾಗೂ ಡಬಲ್ ಬೆಲ್ ಹೊಡದಾರ ನಮ್ಮ ಸುಭಾನ.

ಬಸ್ಸೆಲ್ಲ ನಕ್ಕಿತು. ಸುಭಾನ ಎದ್ದು ಸಲಾಮು ಹೊಡೆದ. "ಚಿಲ್ಲರ ಸಹಿತ ಕೊಟ್ಲು ನೋಡ್ರಿ," ಎಂದ.

"ಈಗ ಕಡಲಿಂದು," ಎಂದಳು ಸೋಮಲಿಂಗನ ಹೆಂಡತಿ ನಂದಾ. "ಕಡಲಿಗೇ ಹೊಂಟೀವಿ, ಇವತ್ತ ಹೇಳ್ದಿದ್ರ ಎಂದ ಹೇಳಬೇಕು. ಹೇಳ ಸಂಗವ್ವ."

ಮುರಗೆಪ್ಪ ಐದು ಸಾಲು ಹಿಂದೆ ಕೂತಿದ್ದ. ಅವನಿಗೆ ಅವಳ ತಲೆಯ ಮೇಲಿನ ಸೆರಗು ಮಾತ್ರ ಕಾಣುತ್ತಿತ್ತು.

"ನನಗ ಬ್ಯಾಡ್ರಿ," ಎಂದಳು ಸಂಗವ್ವ. "ಗಂಟಲ ಹಿಡದದ."

"ಎರಡ ಸಾಲಿಗಿ ಎಂಥ ಗಂಟಲಾ."

"ಬ್ಯಾಡ್ರಿ. ಮುಂದಿನವರು ಹೇಳ್ರಿ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತೆಂದು ಅವನಿಗೆ ಅನಿಸಿತು. ಸರದಿ ಮುಂದಿನ ಸೀಟಿಗೆ ಹೋಯಿತು. ಬಸ್ಸು ಎರಡನೆಯ ಗೇರಿನಲ್ಲಿ ಘಾಟು ಇಳಿಯುತ್ತಿತ್ತು. ಈ ತಿರುವುಗಳಲ್ಲಿ ತಾನು ಅರ್ಧಕ್ಕೆ ಬಿಟ್ಟ ಹಾಡುಗಳನ್ನು ಅವನು ನೆನೆದ. ಒಂದೂ ಬಾಯಿಗೆ ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ಸುಭಾನ ಮೆಲ್ಲಗೆ, "ನಂದ ತಪ್ಪ ಆತು ದೋಸ್ತ," ಎಂದ.

"ನಿಂದಲ್ಲ," ಎಂದ ಮುರಗೆಪ್ಪ.

*

ಎರಡು ಗಂಟೆಗೆ ಮುಟ್ಟಿದರು. ಸಹಲಿನ ಕಾಲ. ಗಾಡಿ ನಿಲ್ಲಿಸುವ ಬಯಲಿನಲ್ಲಿ ಬೇರೆ ಬೇರೆ ಡೆಪೋದ ಕೆಂಪು ಬಸ್ಸುಗಳು ಸಾಲಾಗಿ ನಿಂತಿದ್ದವು. ಗಾಳಿಮರಗಳ ಆಚೆಯಿಂದ ಮಕ್ಕಳ ಕೂಗು ಕೇಳುತ್ತಿತ್ತು. ಮಂದಿ ಇಳಿದಿಳಿದು, ಸೊಂಟ ಹಿಡಿದುಕೊಂಡು, ಕೂಗು ಬಂದ ಕಡೆಗೆ ನಡೆದರು. ಸಾಬೇರಾ ಕರೆದಳು. "ನೀವು ಮುಂದ ನಡೀರಿ, ಬರ್ತೀನಿ," ಎಂದು ಸಂಗವ್ವ ಚೀಲ ಹಿಡಿದು ಅಲ್ಲೇ ನಿಂತಳು.

ಎಲ್ಲರೂ ಹೋದ ಮೇಲೆ ಮುರಗೆಪ್ಪನ ಕಡೆ ತಿರುಗಿದಳು. ನಾಲ್ಕು ದಿನದಲ್ಲಿ ಮೊದಲ ಸಲ ನೇರವಾಗಿ ಅವನ ಮುಖ ನೋಡಿದಳು.

"ಎಲ್ಲಿ ಮಲಗ್ತಿದ್ರಿ?"

ಅವನು ಬಸ್ಸುಗಳ ಸಾಲನ್ನು ಕೈಯಿಂದ ತೋರಿಸಿದ. ಅವಳು ಆ ಸಾಲಿನ ಉದ್ದಕ್ಕೂ ನಡೆಯತೊಡಗಿದಳು. ಅವನು ಹಿಂದೆ ಹೋದ. ಪ್ರತಿ ಬಸ್ಸಿನ ಬುಡದಿಂದ ಒಂದು ಜೊತೆ ಪಾದಗಳು ಹೊರಗೆ ಚಾಚಿದ್ದವು. ಕೆಲವು ಅಂಗಾತ, ಕೆಲವು ಮಗ್ಗುಲಾಗಿ. ಗಾಲಿಯ ಬಳಿ ಚಪ್ಪಲಿ, ಬೂಟು. ಒಬ್ಬನ ಎದೆಯ ಮೇಲೆ ಖಾಕಿ ಅಂಗಿ ಹೊದಿಕೆಯಾಗಿತ್ತು. ಇನ್ನೊಬ್ಬ ಗೊರಕೆ ಹೊಡೆಯುತ್ತಿದ್ದ. ಸಂಗವ್ವ ಪ್ರತಿ ಜೊತೆಯ ಮುಂದೆಯೂ ಸ್ವಲ್ಪ ನಿಂತು ನೋಡಿದಳು. ಅಂಗಾಲುಗಳಲ್ಲಿ ಧೂಳಿತ್ತು, ಪೆಡಲಿನ ಗುರುತಿತ್ತು, ಉಸುಕಿರಲಿಲ್ಲ. ಮುರಗೆಪ್ಪ ಇವನ್ನು ಹೊರಗಿನಿಂದ ಎಂದೂ ಕಂಡಿರಲಿಲ್ಲ. ಅವನು ಯಾವಾಗಲೂ ಈ ಸಾಲಿನೊಳಗೆ ಇದ್ದವನು.

ಸಾಲಿನ ಕೊನೆಯವರೆಗೆ ಹೋಗಿ ಮರಳಿ ತಮ್ಮ ಬಸ್ಸಿನ ಬಳಿ ಬಂದಳು. ಚೀಲದ ಕೆಳಗಿನಿಂದ ಕಂಬಳಿ ತೆಗೆದು, ಗಾಡಿಯ ನೆರಳಿನಲ್ಲಿ, ಹಿಂದಿನ ಗಾಲಿಗೆ ಒರಗುವ ಹಾಗೆ ಹಾಸಿದಳು. ಕೂತಳು. ಅವನಿಗೂ ಜಾಗ ಬಿಟ್ಟಳು. ಅವನು ಕೂತ. ಎಂಜಿನ್ನಿನ ಬಿಸಿ ಇನ್ನೂ ಆರಿರಲಿಲ್ಲ. ಎಣ್ಣೆಯ ವಾಸನೆ, ಮರದ ಒಣ ಎಲೆಯ ವಾಸನೆ.

ಮಕ್ಕಳ ಕೂಗು ಒಮ್ಮೆ ತಗ್ಗಿದಾಗ ಅದು ಕೇಳಿಸಿತು. ದೂರದಿಂದ ಬಂದು, ಹತ್ತಿರವಾಗಿ, ಹರಡಿ, ಹಿಂದೆ ಸರಿಯುವ ಸದ್ದು.

"ಇದಽ ಏನು?" ಎಂದಳು.

"ಇದಽ. ಸಂಜಿ ತನಕ ಇದು ಒಂದಽ. ಕಣ್ಣ ಹತ್ತು ತನಕ ಇದನ್ನ ಕೇಳ್ತಿದ್ದೆ."

"ಏನ ಅನಸ್ತಿತ್ತು?"

ಇಪ್ಪತ್ತು ವರ್ಷ ಅವಳು ಕಡಲು ಹೇಗಿತ್ತೆಂದು ಕೇಳಿದ್ದಳು. ಅವನು ಹಾಡುಗಳಿಂದ ಉತ್ತರ ತಂದಿದ್ದ. ಈಗ ಮೊದಲ ಸಲ ತನ್ನೊಳಗೆ ಹುಡುಕಿದ.

"ನಿಮ್ಮಪ್ಪನ ಹಿಂಡ ದಾಟಿದಂಗ. ಕಟಾವು ಮುಗದ ಹೊಲದಾಗ, ಜ್ವಾಳದ ಒಣ ದಂಟಿನ ಕ್ವಾಯಿಲಿ ಮ್ಯಾಲ ಹಾದ ಹೋಗ್ತಾವಲ್ಲ ಕುರಿ, ಹಂಗ."

ಸಂಗವ್ವ ಕಿವಿಗೊಟ್ಟು ಕೇಳಿದಳು. ಬಹಳ ಹೊತ್ತು. ಆಮೇಲೆ, "ಹಿಂಡ ದಾಟಿದ ಮ್ಯಾಲ ಸಪ್ಪಳ ನಿಲ್ತದ," ಎಂದಳು. "ಇದು ನಿಲ್ಲವಲ್ದು."

"ಹೌದು. ನಿಲ್ಲೂದಿಲ್ಲ."

"ಇಷ್ಟ ಹೇಳಿದ್ರ ಸಾಕಿತ್ತಲ್ರಿ ನನಗ."

ಅವನು ಕಂಬಳಿಯ ಅಂಚಿನ ಒಂದು ಎಳೆಯನ್ನು ಬೆರಳಿಗೆ ಸುತ್ತುತ್ತಿದ್ದ. "ಹೊಸ್ತಿಲದಾಗ ನಿಂತು ಕಡಲ ಹ್ಯಾಂಗ ಇತ್ತು ಅಂದಿ. ನಿದ್ದಿ ಮಾಡಿ ಬಂದೆ ಅಂತ ಹ್ಯಾಂಗ ಹೇಳ್ಲಿ? ಮುಂದ ನೀ ಅದಕ್ಕ ಹೆಸರ ಕೂಡಿಸಿದಿ. ಆಮ್ಯಾಲ ಅಂತೂ ಹೇಳಾಕ ಆಗಲಿಲ್ಲ. ಹೇಳಿದ್ರ ನನ್ನ ಹೆಸರ ಬಿಟ್ಟಗಿಟ್ಟಿ ಅಂತ."

ಅವಳು ಅವನ ಕಡೆ ನೋಡಲಿಲ್ಲ. ಎದುರಿನ ಬಸ್ಸಿನ ಬುಡದಲ್ಲಿದ್ದ ಪಾದಗಳನ್ನು ನೋಡುತ್ತಿದ್ದಳು.

"ಒಮ್ಮಿನೂ ಹೋಗಬೇಕು ಅನಸಲಿಲ್ಲೇನು? ಇಲ್ಲೇ ಅದಲ್ಲ."

"ಅನಸ್ತಿತ್ತು. ಒಂದ ವರ್ಷ ಎದ್ದ ನಿಂತಿದ್ದೆ ಸುದ್ದಾ. ಆದ್ರ ಒಂದ ತಾಸ ನಿದ್ದಿ ಕಡಿಮಿ ಆದ್ರ ರಾತ್ರಿ ಘಾಟಿನಾಗ ಕಣ್ಣ ಎಳೀತಾವು. ಹಿಂದ ಐವತ್ತ ಮಕ್ಕಳು ಇರ್ತಿದ್ವು. ಅವುಗಳ ತಾಯಿ ತಂದಿ ಬೆಳಿಗ್ಗೆ ಸಾಲಿ ಮುಂದ ನಿಂತಿರ್ತಿದ್ರು. ಮತ್ತ ಮಲಗಿದೆ."

ಆ ಸದ್ದು ಬಂತು, ಹರಡಿತು, ಸರಿಯಿತು. ಮುರಗೆಪ್ಪ ಈ ಮೌನವನ್ನು ಅಳೆಯಲು ನೋಡಿದ. ಇದರಲ್ಲಿ ಅವಳೊಬ್ಬಳೇ ಇದ್ದಾಳೋ, ತನಗೂ ಜಾಗವಿದೆಯೋ ತಿಳಿಯಲಿಲ್ಲ. ಅವಳ ತುಟಿ ಮಾತ್ರ ಸಣ್ಣಗೆ ಅಲುಗುತ್ತಿತ್ತು, ಹೊಲಿಗೆ ಎಣಿಸುವಾಗ ಅಲುಗುವ ಹಾಗೆ.

ಮರಗಳ ನಡುವಿನಿಂದ ಸಾಬೇರಾ ಮತ್ತು ನಂದಾ ಬಂದರು. ಸೀರೆಯ ಅಂಚು ಒದ್ದೆಯಾಗಿ ಕಾಲಿಗೆ ಅಂಟಿತ್ತು. ಸುಭಾನ ಹಿಂದಿನಿಂದ ಚಪ್ಪಲಿಗಳನ್ನು ಹಿಡಿದುಕೊಂಡು ಬರುತ್ತಿದ್ದ, ಎಲ್ಲರವೂ ಅವನ ಕೈಯಲ್ಲೇ ಇದ್ದವು.

"ಅಯ್ಯ ನಿಮ್ಮ, ಇಷ್ಟ ದೂರ ಬಂದು ಗಾಡಿ ನೆಳ್ಳಾಗ ಸಂಸಾರ ಹೂಡೀರೇನ?" ಎಂದಳು ನಂದಾ. "ಗಂಟಲ ಆರಾಮ ಆತಿಲ್ಲೋ? ಹೆಸರ ಹೇಳೇ ಕಡಲ ನೋಡಬೇಕು ನೀ. ಇಲ್ಲಂದ್ರ ಬಿಡೂದಿಲ್ಲ."

ಸಾಬೇರಾ ಅವಳನ್ನು ತಡೆಯಲು ಕೈ ಎತ್ತಿದಳು. ಮುರಗೆಪ್ಪ ಏಳಲು ಹೋದ. ಹೆಂಗಸರ ಈ ಮಾತಿನ ನಡುವೆ ಗಂಡಸು ಕೂರುವುದಿಲ್ಲ. ಸಂಗವ್ವ ಅವನ ಅಂಗಿಯ ತುದಿ ಹಿಡಿದು ಕೂರಿಸಿದಳು. ಸೆರಗು ಸರಿಮಾಡಿಕೊಂಡಳು. ಎದ್ದು ನಿಲ್ಲಲಿಲ್ಲ. ಕೂತಲ್ಲೇ, ಯಾರನ್ನೂ ನೋಡದೆ ಹೇಳಿದಳು.

ಇಪ್ಪತ್ತ ಸಲ ಕಡಲಿಗಿ ಬಂದ್ರೂ ಕಾಲಿಗಿ ಹತ್ತಿಲ್ಲ ಉಪ್ಪ,
ಗಾಡಿ ಬುಡಕ ಮಲಗೆದ್ದು ಮಂದಿ ಮಕ್ಕಳ್ನ ಮನಿ ಮುಟ್ಟಿಸ್ಯಾರ ನಮ್ಮ ಮುರಗೆಪ್ಪ.

ನಂದಾ ನಗಲೆಂದು ಬಾಯಿ ತೆರೆದವಳು ನಗಲಿಲ್ಲ. "ಇದು ಹೊಸಾದು," ಎಂದಳು. "ಕಡಲಿಂದ ಎಲ್ಲಿ ಹೋತು?"

"ಇದೂ ಕಡಲಿಂದಽ," ಎಂದಳು ಸಂಗವ್ವ.

ಸುಭಾನ ಚಪ್ಪಲಿಗಳ ರಾಶಿಯನ್ನು ಎದೆಗೆ ಹಿಡಿದು ನಿಂತಿದ್ದ. ಅವನಿಗೆ ಏನಾದರೂ ಹೇಳಬೇಕಿತ್ತು, ಆದರೆ ಈ ಸಲ ಹೇಳಲಿಲ್ಲ. ಸಾಬೇರಾ ನಂದಾಳ ಕೈ ಹಿಡಿದು ಚಹದ ಅಂಗಡಿಯ ಕಡೆ ಎಳೆದುಕೊಂಡು ಹೋದಳು.

ಮುರಗೆಪ್ಪ ಕೂತೇ ಇದ್ದ. ಗೋಡೆಯ ಆಚೆಯಿಂದ ಅಲ್ಲದೆ, ಪಕ್ಕದಲ್ಲೇ, ಇಷ್ಟು ಹತ್ತಿರದಿಂದ ಆ ಹೆಸರನ್ನು ಅವನು ಕೇಳಿರಲಿಲ್ಲ. ಅದು ಬೇರೆ ಯಾರದೋ ಹೆಸರಿನ ಹಾಗೆ ಹೊಸದಾಗಿತ್ತು.

ಸಂಗವ್ವ ಎದ್ದು ಸೀರೆ ಕೊಡವಿದಳು. ಕಂಬಳಿ ಮಡಿಚಲಿಲ್ಲ, ಅಲ್ಲೇ ಬಿಟ್ಟಳು. ಮರಗಳ ಸಂದಿಯಲ್ಲಿ ನೀರಿನ ಒಂದು ಪಟ್ಟಿ ಕಾಣುತ್ತಿತ್ತು. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ನೀಲಿ ಎಲ್ಲದರಿ? ಈ ಕಂಬಳಿ ಬಣ್ಣ ಅದ."

ಅವನೂ ನೋಡಿದ. ನಿಜ. ಹಾಗೆಯೇ ಇತ್ತು.

"ನಡೀರಿ," ಎಂದಳು. "ಉಪ್ಪ ಹತ್ತಿಲ್ಲ ಅಂತ ಈಗಷ್ಟ ಹೇಳೀನಿ. ಅದನ್ನೂ ಸುಳ್ಳ ಮಾಡೂಣು."

ಮುರಗೆಪ್ಪ ಎದ್ದ. ಚಪ್ಪಲಿಗಳನ್ನು ಕಳಚಿ, ರೂಢಿಯಂತೆ, ಮುಂದಿನ ಗಾಲಿಯ ಹತ್ತಿರ ಜೋಡಿಸಿಟ್ಟ. ಅವಳು ತನ್ನವನ್ನೂ ತಂದು ಅವುಗಳ ಪಕ್ಕದಲ್ಲಿ ಬಿಟ್ಟಳು. ಆಮೇಲೆ ಇಬ್ಬರೂ ಆ ಇನ್ನೂರು ಹೆಜ್ಜೆಯನ್ನು ನಡೆಯಲು ಹೊರಟರು.